ಆಕ್ಟಿವೇಶನ್ ಲಿಸ್ಟ್ ಮಾಡೋ ಎಪಿಐಗೆ ಡಾಕ್ಸ್ ಬರೆಯೋವಾಗ

ಒಂದು ಸಾಫ್ಟ್‌ವೇರ್ ಲೈಸೆನ್ಸ್ ಯಾವ್ಯಾವ ಮಷೀನಲ್ಲಿ ಆಕ್ಟಿವೇಟ್ ಆಗಿದೆ ಅಂತ ಲಿಸ್ಟ್ ಕೊಡೋ ಎಪಿಐಗೆ ಡಾಕ್ಸ್ ಬರೆಯೋದು ಅಂದ್ರೆ ಟೀಮಲ್ಲಿ ಎಲ್ಲರಿಗೂ ಸಸಾರ. ಒಂದು ಯುಆರ್‌ಎಲ್, ನಾಲ್ಕು ಪ್ಯಾರಾಮೀಟರ್, ಒಂದು ಸ್ಯಾಂಪಲ್ ಜೇಸನ್ ಅಂಟಿಸಿಬಿಟ್ರೆ ಮುಗೀತು ಅನ್ಕೋತಾರೆ. ಅದೇ ತರ ಬರೆದ ಪೇಜುಗಳಲ್ಲಿ "ಸ್ಟೇಟಸ್: ಆಕ್ಟಿವೇಶನ್‌ನ ಸ್ಟೇಟಸ್" ಅನ್ನೋ ಸಾಲು ಸಿಗತ್ತೆ ನೋಡಿ, ಓದಿದವನಿಗೆ ಮೈ ಉರಿಯತ್ತೆ.

ಈ ಪೇಜ್ ಓದೋಕೆ ಯಾರೂ ಸುಮ್ಮನೆ ಬರಲ್ಲ. ಕಸ್ಟಮರ್‌ಗೆ "ಲಿಮಿಟ್ ಮುಗಿದಿದೆ" ಅಂತ ಎರರ್ ಬಂದಿರತ್ತೆ, ಸಪೋರ್ಟ್‌ನವರು ಯಾವ ಮಷೀನು ಸೀಟ್ (ಲೈಸೆನ್ಸಲ್ಲಿ ಒಂದು ಮಷೀನಿಗೆ ಸಿಗೋ ಜಾಗ) ಹಿಡ್ಕೊಂಡು ಕೂತಿದೆ ಅಂತ ಹುಡುಕ್ತಾ ಇರ್ತಾರೆ. ಹಾಗಾಗಿ ಮೊದಲ ಪ್ಯಾರಾದಲ್ಲೇ ಲೈಸೆನ್ಸ್ ಬೇರೆ, ಆಕ್ಟಿವೇಶನ್ ಬೇರೆ ಅಂತ ಬಿಡಿಸಿ ಹೇಳಬೇಕು: ಲೈಸೆನ್ಸ್ ಅಂದ್ರೆ ಕೊಂಡ ಹಕ್ಕು, ಆಕ್ಟಿವೇಶನ್ ಅಂದ್ರೆ ಆ ಹಕ್ಕನ್ನ ಒಂದು ಮಷೀನ್ ಮೇಲೆ ಬಳಸಿದ ದಾಖಲೆ, 5 ಸೀಟಿನ ಒಂದೇ ಲೈಸೆನ್ಸ್ ಕೆಳಗೆ 12 ಆಕ್ಟಿವೇಶನ್ ಸಾಲು ಕಂಡ್ರೂ ಅದು ಬಗ್ ಆಗಿರಬೇಕಾಗಿಲ್ಲ.

ಯಾಕೆ ಅಂದ್ರೆ ಎಷ್ಟೋ ಸಿಸ್ಟಮ್‌ಗಳಲ್ಲಿ ಡಿಆಕ್ಟಿವೇಟ್ ಮಾಡಿದ್ರೆ ಸಾಲು ಅಳಿಸಿ ಹೋಗಲ್ಲ, ಹಿಸ್ಟರಿ ಅಂತ ಉಳ್ಕೊಳ್ಳತ್ತೆ. ಈಗ ಯಾರೋ ಸ್ಕ್ರಿಪ್ಟ್ ಬರೆಯೋನು ಬರೋ ಸಾಲುಗಳನ್ನ ಎಣಿಸಿ, ಲಿಮಿಟ್‌ನಿಂದ ಕಳೆದು, "ಖಾಲಿ ಸೀಟು ಇಷ್ಟು" ಅಂತ ಡ್ಯಾಶ್‌ಬೋರ್ಡಲ್ಲಿ ತೋರಿಸ್ತಾನೆ, ಸತ್ತ ಸಾಲೂ ಲೆಕ್ಕಕ್ಕೆ ಸೇರಿ ಮೈನಸ್ ಬರತ್ತೆ, ಇಲ್ಲಾಂದ್ರೆ ಪೇಜ್ ಸೈಜ್ 100 ಅಂತ ಗೊತ್ತಿಲ್ದೆ ಮೊದಲ ಪೇಜಷ್ಟೇ ಎಣಿಸಿ ಇನ್ನೂ ಬೇಕಾದಷ್ಟು ಸೀಟಿದೆ ಅನ್ಕೋತಾನೆ. ಎರಡಕ್ಕೂ ಔಷಧಿ ಎರಡೇ ವಾಕ್ಯ. ಫಿಲ್ಟರ್ ಕೊಡ್ದೇ ಇದ್ರೆ ಯಾವ ಸ್ಟೇಟಸ್‌ನವು ಬರ್ತವೆ, ಮತ್ತೆ ಸೀಟ್ ಲೆಕ್ಕ ಬೇಕಿದ್ರೆ ಎಲ್ಲಿಂದ ತಗೋಬೇಕು. ನನ್ನ ಕೇಳಿದ್ರೆ ಈ ಎರಡು ವಾಕ್ಯ ಪ್ಯಾರಾಮೀಟರ್ ಟೇಬಲ್‌ಗಿಂತ ಮೇಲಿರಬೇಕು.

ಮಷೀನ್ ಐಡಿ ಫೀಲ್ಡಿಗೂ ನಾಲ್ಕು ಮಾತು ಜಾಸ್ತಿ ಬರೀರಿ. ಫಿಂಗರ್‌ಪ್ರಿಂಟ್ (ಮಷೀನನ್ನ ಗುರುತಿಸೋ ಗುರುತು) ಅಂತ ಬರೆದು ಬಿಟ್ರೆ ಸಾಲಲ್ಲ, ಅದು ಯಾವುದರಿಂದ ಹುಟ್ಟತ್ತೆ, ಯಾವಾಗ ಬದಲಾಗತ್ತೆ ಅನ್ನೋದು ಮುಖ್ಯ. ಓಎಸ್ ರೀಇನ್‌ಸ್ಟಾಲ್ ಮಾಡಿದ್ರೆ ಒಂದೇ ಲ್ಯಾಪ್‌ಟಾಪ್ ಎರಡು ಸಾಲಲ್ಲಿ ಕಾಣಬಹುದು, ವಿಎಂ (ವರ್ಚುವಲ್ ಮಷೀನ್) ಕ್ಲೋನ್ ಮಾಡಿದ್ರೆ ಎರಡು ಮಷೀನಿಗೂ ಒಂದೇ ಫಿಂಗರ್‌ಪ್ರಿಂಟ್ ಬರಬಹುದು, ಕಂಟೇನರ್‌ಗಳಂತೂ ಪ್ರತಿ ಸಲ ಹೊಸದಾಗಿ ಎದ್ದು ಹೊಸ ಸೀಟು ನುಂಗಬಹುದು. "ಸೀಟ್ ಎಲ್ಲಿ ಹೋಯ್ತು" ಅನ್ನೋ ಟಿಕೆಟ್ ಬಂದಾಗ ನಾನು ಮೊದಲು ನೋಡೋದೇ ಇದನ್ನ.

ಆಮೇಲೆ ನಲ್, ಅಂದ್ರೆ ಏನೂ ತುಂಬದೆ ಖಾಲಿ ಇರೋ ಫೀಲ್ಡ್. ಲಾಸ್ಟ್ ಸೀನ್ (ಮಷೀನು ಕೊನೇ ಸಲ ಸರ್ವರ್ ಹತ್ರ ಬಂದ ಸಮಯ) ಫೀಲ್ಡಲ್ಲಿ ನಲ್ ಇದ್ರೆ ಏನರ್ಥ? ಆಕ್ಟಿವೇಟ್ ಆದ್ಮೇಲೆ ಒಂದ್ಸಲನೂ ಸರ್ವರ್ ಹತ್ರ ಬಂದಿಲ್ಲ ಅಂತಾನಾ, ಆಫ್‌ಲೈನ್ ಆಕ್ಟಿವೇಶನ್ ಅಂತಾನಾ, ಅಥವಾ ಆ ಫೀಲ್ಡ್ ಶುರುವಾಗೋಕೆ ಮುಂಚಿನ ಹಳೇ ದಾಖಲೆನಾ? ಬರೆಯದೇ ಬಿಟ್ರೆ ಯಾರೋ ಒಬ್ರು "ನಲ್ ಅಂದ್ರೆ ಬಳಕೆ ಇಲ್ಲ" ಅಂತ ತಿಳ್ಕೊಂಡು ಇಂಟರ್ನೆಟ್ಟೇ ಇಲ್ದಿರೋ ಮಷೀನುಗಳನ್ನೆಲ್ಲ ಸಾಲಾಗಿ ಡಿಆಕ್ಟಿವೇಟ್ ಮಾಡಿ ಕೂರ್ತಾರೆ. ಟೈಮ್‌ಸ್ಟ್ಯಾಂಪ್ ವಿಷ್ಯ ಸುಲಭ, ಆರ್‌ಎಫ್‌ಸಿ 3339 ಫಾರ್ಮ್ಯಾಟ್, ಯುಟಿಸಿ ಅಂತ ಹೇಳಿ ಮುಂದೆ ಹೋಗಿ.

ಪೇಜಿನೇಶನ್ ಆಫ್‌ಸೆಟ್‌ದಾ (ಇಷ್ಟು ಸಾಲು ಬಿಟ್ಟು ಮುಂದಿನವು ಕೊಡು ಅನ್ನೋದು) ಕರ್ಸರ್‌ದಾ (ಈ ಸಾಲಿನ ನಂತರದವು ಕೊಡು ಅನ್ನೋದು) ಅಂತ ಮಾತ್ರ ಹೇಳಿದ್ರೆ ಅರ್ಧ ಕೆಲಸ. ಹೊಸದು ಮೇಲೆ ಬರೋ ಸಾರ್ಟಿಂಗ್ ಇದ್ದು ಆಫ್‌ಸೆಟ್ ಬಳಸ್ತಿದ್ರೆ, ನೀವು ಎರಡನೇ ಪೇಜಿಗೆ ಹೋಗೋಷ್ಟರಲ್ಲಿ ಒಂದು ಹೊಸ ಆಕ್ಟಿವೇಶನ್ ಬಂದ್ರೆ ಮೊದಲ ಪೇಜಿನ ಕೊನೇ ಸಾಲು ಮತ್ತೆ ಕಾಣತ್ತೆ, ಅದೇ ಮೇಲಿಂದ ಒಂದು ಸಾಲು ಹೋದ್ರೆ ಇನ್ನೊಂದು ಸಾಲು ಕಣ್ಣಿಗೇ ಬೀಳಲ್ಲ. ಐಡಿ ನೋಡಿ ಡುಪ್ಲಿಕೇಟ್ ತೆಗೀರಿ ಅಂತ ಒಂದು ಸಾಲು ಹಾಕಿ, ಆದ್ರೆ ಬಿಟ್ಟುಹೋದ ಸಾಲಿಗೆ ಅದರಿಂದ ಏನೂ ಉಪಯೋಗ ಇಲ್ಲ ಅನ್ನೋದನ್ನೂ ಹಾಕಿ.

ಎರರ್ ಕೋಡಲ್ಲಿ ಕನ್ಫ್ಯೂಸ್ ಆಗೋ ಜಾಗ ಒಂದೇ. ಲೈಸೆನ್ಸ್ ಇದೆ, ಆಕ್ಟಿವೇಶನ್ ಇಲ್ಲ ಅಂದ್ರೆ 200 ಜೊತೆ ಖಾಲಿ ಅರೇ ಬರಬೇಕು. ಲೈಸೆನ್ಸೇ ಇಲ್ಲ ಅಂದ್ರೆ 404. 429 (ರಿಕ್ವೆಸ್ಟ್ ಜಾಸ್ತಿ ಆಯ್ತು) ಬಂದ್ರೆ, ಎಷ್ಟು ಹೊತ್ತು ಕಾದು ಮತ್ತೆ ಕೇಳಬೇಕು ಅಂತ ಹೇಳೋ ರೀಟ್ರೈ ಆಫ್ಟರ್ ಹೆಡರ್ ಕಳಿಸ್ತೀರಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು.

ಈಗ ಇದೇ ಎಪಿಐನ ಎಐ ಅಸಿಸ್ಟೆಂಟ್‌ಗೆ ಟೂಲ್ ಮಾಡಿ ಕೊಡೋರು ಜಾಸ್ತಿ ಆಗಿದ್ದಾರೆ, 2024ರ ನವೆಂಬರಲ್ಲಿ ಆಂತ್ರೊಪಿಕ್ ಎಂಸಿಪಿ (ಎಐಗೆ ಹೊರಗಿನ ಟೂಲುಗಳನ್ನ ಜೋಡಿಸೋ ಪ್ರೋಟೋಕಾಲ್) ಬಿಟ್ಟ ಮೇಲಂತೂ ಕೇಳೋದೇ ಬೇಡ. ಇಲ್ಲಿ ಡಿಸ್ಕ್ರಿಪ್ಶನ್ನೇ ಡಾಕ್ಸ್, ಮಾಡೆಲ್ಲು ಅದನ್ನ ಓದಿ ಯಾವ ಟೂಲ್ ಕರೀಬೇಕು ಅಂತ ತೀರ್ಮಾನ ಮಾಡತ್ತೆ, ಮನುಷ್ಯರ ತರ ಪಕ್ಕದ ಡೆಸ್ಕಿಗೆ ಹೋಗಿ ಕೇಳಲ್ಲ. "ಆಕ್ಟಿವೇಶನ್‌ಗಳನ್ನ ಲಿಸ್ಟ್ ಮಾಡತ್ತೆ" ಅನ್ನೋದರ ಬದಲು "ಒಂದು ಲೈಸೆನ್ಸ್‌ನ ಆಕ್ಟಿವೇಶನ್‌ಗಳನ್ನ ಓದತ್ತೆ, ಏನನ್ನೂ ಬದಲಾಯಿಸಲ್ಲ, ಡಿಆಕ್ಟಿವೇಟ್ ಆದವೂ ಸೇರಿರ್ತವೆ, ಸೀಟ್ ಲೆಕ್ಕಕ್ಕೆ ಬಳಸಬೇಡಿ" ಅಂತ ಬರೀರಿ. ಎಂಸಿಪಿಯಲ್ಲಿ ರೀಡ್ ಓನ್ಲಿ ಹಿಂಟ್ ಅಂತ ಒಂದು ಗುರುತು ಇದೆ, ಹಾಕಿ, ಆದ್ರೆ ಹೆಸರೇ ಹೇಳೋ ಹಾಗೆ ಅದು ಬರೀ ಸುಳಿವು, ಬೀಗ ಅಲ್ಲ. ನಿಜವಾದ ತಡೆ ಟೋಕನ್‌ನ ಪರ್ಮಿಶನ್ನಲ್ಲೇ ಇರಬೇಕು.

ಸ್ಯಾಂಪಲ್ ರೆಸ್ಪಾನ್ಸನ್ನ ಕೈಯಲ್ಲಿ ಟೈಪ್ ಮಾಡ್ಬೇಡಿ, ಟೆಸ್ಟ್ ಅಕೌಂಟಲ್ಲಿ ನಿಜವಾಗ್ಲೂ ಕಾಲ್ ಮಾಡಿ ತಗೊಳ್ಳಿ. ಕನಿಷ್ಠ ಮೂರು ಸಾಲು ಇರಲಿ: ಒಂದು ಆಕ್ಟಿವ್, ಒಂದು ಡಿಆಕ್ಟಿವೇಟ್ ಆಗಿರೋದು, ಒಂದು ಲಾಸ್ಟ್ ಸೀನ್ ನಲ್ ಇರೋದು. ಲೈಸೆನ್ಸ್ ಕೀಯ ಕೊನೇ ನಾಲ್ಕು ಅಕ್ಷರ ಬಿಟ್ಟು ಉಳಿದದ್ದು ಮುಚ್ಚಿ, ಮತ್ತೆ ಪೂರ್ತಿ ಕೀಯನ್ನ ಯುಆರ್‌ಎಲ್ ಒಳಗೆ ಹಾಕೋ ಉದಾಹರಣೆ ಕೊಡ್ಲೇಬೇಡಿ, ಅದು ನೆಟ್ಟಗೆ ಸರ್ವರ್ ಲಾಗಿಗೆ ಹೋಗಿ ಕೂರತ್ತೆ. ಹೋಸ್ಟ್‌ನೇಮಲ್ಲಿ ಜನರ ಹೆಸರು ಇರೋದು ಮಾಮೂಲು, ಅದನ್ನೂ ಪಬ್ಲಿಶ್ ಮಾಡೋ ಮುಂಚೆ ಬದಲಾಯಿಸಿ.