ಗೆಸ್ಟ್ ಒಳಗಿನ ಸಿಸ್ಟಂ ಕಾಲ್ ಎಲ್ಲಿಗೆ ಹೋಗುತ್ತದೆ? ನಾನು ಎಡವಿದ ಜಾಗ

ಕರ್ನಲ್ ಅಂದರೆ ಓಎಸ್‌ನ ತಿರುಳು, ಹೈಪರ್‌ವೈಸರ್ ಅಂದರೆ ಒಂದೇ ಯಂತ್ರದಲ್ಲಿ ಹಲವು ಓಎಸ್ ಓಡಿಸುವ ಸಾಫ್ಟ್‌ವೇರ್, ಹಾಗೆ ಓಡುವ ಓಎಸ್ ಗೆಸ್ಟ್, ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ ಸಿಸ್ಟಂ ಕಾಲ್. ಇದಕ್ಕಿಂತ ಹೆಚ್ಚಿನ ವ್ಯಾಖ್ಯೆ ಇಲ್ಲಿ ಬರೆಯುವುದಿಲ್ಲ. ವ್ಯಾಖ್ಯೆ ಎಷ್ಟು ಓದಿದರೂ ನನ್ನ ತಲೆಗೆ ಹತ್ತಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಹಿಡಿದು ಹೊರಟೆ: ಪ್ರೋಗ್ರಾಂ ಒಂದು ಡಿಸ್ಕಿನಿಂದ ಫೈಲ್ ಓದಬೇಕು (ಕ್ಯಾಶ್‌ನಲ್ಲಿ ಇಲ್ಲ ಅಂದುಕೊಳ್ಳಿ), ಆ ಕೋರಿಕೆ ಯಾರ್ಯಾರ ಕೈ ದಾಟಿ ಹೋಗುತ್ತದೆ?

ಲಿನಕ್ಸ್‌ನಲ್ಲಿ ಸುಲಭ. ಸಿಸ್ಟಂ ಕಾಲ್ ಆದಾಗ ಸಿಪಿಯು ರಿಂಗ್ 3ರಿಂದ (ಸಾಮಾನ್ಯ ಪ್ರೋಗ್ರಾಂಗಳ ಕಡಿಮೆ ಅಧಿಕಾರದ ಮಟ್ಟ) ರಿಂಗ್ 0ಗೆ (ಕರ್ನಲ್‌ನ ಪೂರ್ಣ ಅಧಿಕಾರದ ಮಟ್ಟ) ಹೋಗುತ್ತದೆ. ಫೈಲ್ ಸಿಸ್ಟಂ, ಬ್ಲಾಕ್ ಲೇಯರ್ (ಡಿಸ್ಕ್ ಕೋರಿಕೆಗಳನ್ನು ಸಾಲು ಹಚ್ಚುವ ಪದರ), ಡ್ರೈವರ್ (ಡಿಸ್ಕಿನ ಜೊತೆ ಮಾತಾಡುವ ಕೋಡ್) ಎಲ್ಲವೂ ಅಲ್ಲೇ ಒಂದೇ ಮನೆಯಲ್ಲಿ ಇವೆ, ಸುಮ್ನೆ ಫಂಕ್ಷನ್ ಕಾಲ್‌ನಲ್ಲಿ ಮಾತಾಡಿಕೊಳ್ಳುತ್ತವೆ. ಡ್ರೈವರ್‌ನಲ್ಲಿ ಒಂದು ಕೆಟ್ಟ ಪಾಯಿಂಟರ್ (ತಪ್ಪು ಮೆಮೊರಿ ವಿಳಾಸ) ಇದ್ದರೆ ಇಡೀ ಮನೆಯೇ ಕುಸಿಯಬಹುದು, ಅಷ್ಟೇ.

ಮಿನಿಕ್ಸ್ 3 ಅನ್ನುವ ಓಎಸ್ (2005) ಇದನ್ನೇ ಒಡೆದು ಬೇರೆ ಬೇರೆ ಮನೆ ಮಾಡಿತು. ಫೈಲ್ ಸಿಸ್ಟಂ ಒಂದು ಪ್ರೋಸೆಸ್, ಡಿಸ್ಕ್ ಡ್ರೈವರ್ ಇನ್ನೊಂದು. ಕರ್ನಲ್ ಮುಖ್ಯವಾಗಿ ಸಂದೇಶ ದಾಟಿಸುತ್ತದೆ. ಡ್ರೈವರ್ ಸತ್ತರೆ ರೀಇನ್‌ಕಾರ್ನೇಷನ್ ಸರ್ವರ್ ಅಂತ ಒಂದಿದೆ, ಅದು ಮತ್ತೆ ಎಬ್ಬಿಸುತ್ತದೆ. ಹೆಸರು ಚೆನ್ನಾಗಿದೆ ಅಲ್ವಾ?

ಈಗ ಝೆನ್ ಅನ್ನುವ ಹೈಪರ್‌ವೈಸರ್ (2003). ಹೈಪರ್‌ವೈಸರ್ ಒಳಗೆ ಡಿಸ್ಕ್ ಡ್ರೈವರ್ ಇಲ್ಲವೇ ಇಲ್ಲ! ಅದು ಇರುವುದು ಸಾಮಾನ್ಯವಾಗಿ ಡಾಮ್‌ಝೀರೋ ಅನ್ನುವ ವಿಶೇಷ ಗೆಸ್ಟ್‌ನಲ್ಲಿ. ಡ್ರೈವರ್ ಇಲ್ಲಿ ಎರಡು ಅರ್ಧ: ಬೇರೆ ಗೆಸ್ಟ್‌ನಲ್ಲಿರುವ ಮುಂದಿನ ಅರ್ಧ ಹಂಚಿಕೊಂಡ ಮೆಮೊರಿಯಲ್ಲಿ ಕೋರಿಕೆ ಇಟ್ಟು ಈವೆಂಟ್ ಚಾನೆಲ್‌ನಲ್ಲಿ ಗಂಟೆ ಬಾರಿಸುತ್ತದೆ, ಡಾಮ್‌ಝೀರೋದಲ್ಲಿರುವ ಹಿಂದಿನ ಅರ್ಧ ಅದನ್ನು ಎತ್ತಿಕೊಂಡು ಡಿಸ್ಕ್ ಓದುತ್ತದೆ. ಚಿತ್ರ ಬಿಡಿಸಿದರೆ ಮಿನಿಕ್ಸ್ ಥರಾನೇ ಕಾಣುತ್ತದೆ. ದೊಡ್ಡ ವ್ಯತ್ಯಾಸ ಅಂದರೆ ಇಲ್ಲಿ ಪೆಟ್ಟಿಗೆಯೊಳಗೆ ಇರುವುದು ಸಣ್ಣ ಸರ್ವರ್ ಅಲ್ಲ, ಇಡೀ ಓಎಸ್.

ನಾನು ಎಡವಿದ್ದು ಇಲ್ಲೇ. ಹೈಪರ್‌ವೈಸರ್ ಕರ್ನಲ್‌ಗಿಂತ ಕೆಳಗಿದೆ, ಹಾಗಾದರೆ ಗೆಸ್ಟ್‌ನ ಪ್ರತಿ ಸಿಸ್ಟಂ ಕಾಲ್ ಮೊದಲು ಹೈಪರ್‌ವೈಸರ್‌ಗೆ ಹೋಗಿ ಆಮೇಲೆ ಗೆಸ್ಟ್ ಕರ್ನಲ್‌ಗೆ ಬರಬೇಕು ಅಂತ ನಂಬಿಕೊಂಡಿದ್ದೆ. ತಪ್ಪು ಎಲ್ಲಿಂದ ಬಂತು ಅಂತ ಹುಡುಕಿದರೆ, ಅದು ಒಂದು ಕಡೆ ನಿಜವೇ: ಝೆನ್‌ನ 64 ಬಿಟ್ ಪ್ಯಾರಾವರ್ಚುವಲ್ (ಹೈಪರ್‌ವೈಸರ್ ಮೇಲೆ ಓಡಲೆಂದೇ ಬದಲಾಯಿಸಿದ) ಗೆಸ್ಟ್‌ನಲ್ಲಿ ಗೆಸ್ಟ್ ಕರ್ನಲ್ ಕೂಡ ಪಾಪ ರಿಂಗ್ 3ರಲ್ಲೇ ಓಡುತ್ತದೆ, ಆದ್ದರಿಂದ ಸಿಸ್ಟಂ ಕಾಲ್ ಝೆನ್‌ಗೆ ಬಿದ್ದು ಅಲ್ಲಿಂದ ಪುಟಿದು ಬರುತ್ತದೆ. ನಾನು ಮೊದಲು ಓದಿದ್ದು ಇದನ್ನು. ಅದನ್ನೇ ಎಲ್ಲದಕ್ಕೂ ಅಂಟಿಸಿಬಿಟ್ಟೆ.

ವಿಟಿ-ಎಕ್ಸ್ (ಗೆಸ್ಟ್ ಓಡಿಸಲು ಸಿಪಿಯುನಲ್ಲೇ ಇರುವ ನೆರವು) ಇರುವ ಇಂಟೆಲ್ ಸಿಪಿಯುನಲ್ಲಿ ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಂ ಹಾಗಲ್ಲ. ಇಲ್ಲಿ ರಿಂಗ್ ಒಂದು ಲೆಕ್ಕ, ರೂಟ್ ಮೋಡ್ (ಸಿಪಿಯು ಹೋಸ್ಟ್ ಅನ್ನು, ಅಂದರೆ ಅಸಲಿ ಯಂತ್ರದ ಓಎಸ್ ಅನ್ನು, ಓಡಿಸುತ್ತಿದೆಯೋ ಗೆಸ್ಟ್ ಅನ್ನೋ ಅನ್ನುವುದು) ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಏಣಿಯ ಮೆಟ್ಟಿಲು ಅಂದುಕೊಂಡರೆ ಕೆಟ್ಟಿರಿ. ಹೋಸ್ಟ್‌ಗೂ ರಿಂಗ್ 0, 3 ಇವೆ, ಗೆಸ್ಟ್‌ಗೂ ತನ್ನದೇ ರಿಂಗ್ 0, 3 ಇವೆ. ಗೆಸ್ಟ್ ಪ್ರೋಗ್ರಾಂ ಸಿಸ್ಟಂ ಕಾಲ್ ಮಾಡಿದರೆ ಗೆಸ್ಟ್‌ನ ರಿಂಗ್ 3ರಿಂದ ಗೆಸ್ಟ್‌ನ ರಿಂಗ್ 0ಗೆ ನೇರ. ಕೆವಿಎಂಗೆ ಸುದ್ದಿಯೂ ತಿಳಿಯುವುದಿಲ್ಲ.

ನಂಬಿಕೆ ಬರಲಿಲ್ಲ, ಮಾಡಿ ನೋಡಿದೆ. ಹೋಸ್ಟ್‌ನಲ್ಲಿ ಪರ್ಫ್ ಕೆವಿಎಂ ಸ್ಟ್ಯಾಟ್ (ಎಕ್ಸಿಟ್‌ಗಳನ್ನು, ಅಂದರೆ ಗೆಸ್ಟ್ ನಿಂತು ಹಿಡಿತ ಕೆವಿಎಂಗೆ ಬರುವುದನ್ನು, ಎಣಿಸುವ ಕಮಾಂಡ್) ಓಡಿಸಿ, ಗೆಸ್ಟ್‌ನಲ್ಲಿ ಗೆಟ್‌ಪಿಪಿಐಡಿ ಅನ್ನುವ ಚಿಕ್ಕ ಸಿಸ್ಟಂ ಕಾಲ್ ಅನ್ನು ಲೂಪ್‌ನಲ್ಲಿ ಹಾಕಿದೆ. ಎಕ್ಸಿಟ್ ಲೆಕ್ಕ ಹೆಚ್ಚುಕಮ್ಮಿ ಅಲ್ಲಾಡಲಿಲ್ಲ, ಟೈಮರ್‌ನವು ಒಂದಿಷ್ಟು ಬಂದವು. ಅದೇ ಲೂಪ್‌ನಲ್ಲಿ ಸಿಪಿಯುಐಡಿ (ಸಿಪಿಯು ವಿವರ ಕೇಳುವ) ಇನ್‌ಸ್ಟ್ರಕ್ಷನ್ ಹಾಕಿದ ತಕ್ಷಣ ಲೆಕ್ಕ ಸರಸರ ಏರಿತು, ಯಾಕೆಂದರೆ ಇಂಟೆಲ್‌ನಲ್ಲಿ ಸಿಪಿಯುಐಡಿ ಪ್ರತಿ ಸಲವೂ ಎಕ್ಸಿಟ್ ಮಾಡಿಸುತ್ತದೆ. ಸಾಧ್ಯವಾದರೆ ನೀವೂ ಮಾಡಿ, ಹತ್ತು ನಿಮಿಷದ ಕೆಲಸ.

ಹಾಗಾದರೆ ಕೆವಿಎಂನಲ್ಲಿ ನಮ್ಮ ಫೈಲ್? ಕೆವಿಎಂ 2007ರಲ್ಲಿ ಲಿನಕ್ಸ್ 2.6.20ರ ಜೊತೆ ಬಂತು, ಅದು ಬರೀ ಕರ್ನಲ್ ಮಾಡ್ಯೂಲ್. ಗೆಸ್ಟ್ ಕರ್ನಲ್ ತನ್ನ ಫೈಲ್ ಸಿಸ್ಟಂ ಕೆಲಸ ತಾನೇ ಮುಗಿಸಿಕೊಂಡು, ವರ್ಟ್‌ಐಓ ಕ್ಯೂನಲ್ಲಿ (ಗೆಸ್ಟ್, ಹೋಸ್ಟ್ ಹಂಚಿಕೊಳ್ಳುವ ಕೋರಿಕೆಗಳ ಸಾಲು) ಕೋರಿಕೆ ಇಟ್ಟು ಒಂದು ರಿಜಿಸ್ಟರ್‌ಗೆ ಬರೆಯುತ್ತದೆ. ಎಕ್ಸಿಟ್ ಆಗುವುದು ಆಗ. ಮುಂದೆ ಕೈಗೆತ್ತಿಕೊಳ್ಳುವುದು ಗೆಸ್ಟ್‌ಗೆ ಹುಸಿ ಡಿಸ್ಕ್ ಮುಂತಾದವನ್ನು ತೋರಿಸುವ ಕ್ಯೂಇಎಂಯು, ಅಂದರೆ ಹೋಸ್ಟ್‌ನ ಟಾಪ್ ಕಮಾಂಡ್‌ನಲ್ಲಿ ಕಾಣುವ, ಕಿಲ್ ಮಾಡಬಹುದಾದ ಒಂದು ಸಾಮಾನ್ಯ ಪ್ರೋಸೆಸ್. ಅದು ಇಮೇಜ್ ಫೈಲ್ (ಗೆಸ್ಟ್‌ಗೆ ಡಿಸ್ಕ್ ಆಗಿ ಕಾಣುವ ಫೈಲ್) ಓದಲು ಹೋಸ್ಟ್ ಲಿನಕ್ಸ್‌ಗೆ ತನ್ನದೇ ಸಿಸ್ಟಂ ಕಾಲ್ ಮಾಡುತ್ತದೆ: ರಿಂಗ್ 3ರಿಂದ ರಿಂಗ್ 0, ಫೈಲ್ ಸಿಸ್ಟಂ, ಬ್ಲಾಕ್ ಲೇಯರ್, ಡ್ರೈವರ್, ಮತ್ತೆ ಮೊದಲಿಂದ.