ಫ್ಯೂಸ್ ‘ಹೋಯ್ತು’ ಅಂದರೆ ಏನು ಹೋಯ್ತು?

ಬಲ್ಬ್ ಫ್ಯೂಸ್ ಆಯ್ತು, ಟಿವಿ ಫ್ಯೂಸ್ ಆಯ್ತು, ಮಧ್ಯಾಹ್ನ ಊಟವಾದ ಮೇಲೆ ನಾನೂ ಫ್ಯೂಸ್. ಇಷ್ಟನ್ನೆಲ್ಲ ಸಹಿಸಿಕೊಂಡಿದ್ದೇನೆ. ಆದರೆ ಮೊನ್ನೆ ಮಂಜೇಶ್ವರದ ಬಂದರಿನಲ್ಲಿ ದೋಣಿಯವರೊಬ್ಬರು, "ಪಂಪಿಗೆ ಫ್ಯೂಸ್ ಹಾಕಿಸಿದ್ದೇನೆ ಮಾರಾಯ್ರೇ, ಇನ್ನು ಅದು ಸುಡ್ಲಿಕ್ಕಿಲ್ಲ" ಅಂದಾಗ ಸುಮ್ನಿರಲು ಆಗಲಿಲ್ಲ.

ಫ್ಯೂಸ್ ಇರುವುದು ಮೊದಲಿಗೆ ವಯರನ್ನು ಕಾಯಲು. ಪಂಪಿನ ವಿಷಯ ಆಮೇಲಿನದು.

ಲ್ಯಾಟಿನ್‌ನಲ್ಲಿ ‘ಫುಂಡೆರೆ’ ಅಂದರೆ ಸುರಿ, ಕರಗಿಸು. ಕರೆಂಟಿನ ಫ್ಯೂಸ್ ಅಲ್ಲಿಂದ ಬಂದದ್ದು. ಫ್ಯೂಷನ್ ಅದರ ತಂಗಿ, ಎರಕ ಹೊಯ್ಯುವ ಫೌಂಡ್ರಿಯೂ ಅದೇ ಮನೆಯದು. ಸಿಡಿಮದ್ದಿನ ಬತ್ತಿಗೆ ಹೇಳುವ ಫ್ಯೂಸ್ ಮಾತ್ರ ಬೇರೆ ಮನೆತನ. ಅದರ ಮೂಲ ‘ಫುಸುಸ್’, ಅಂದರೆ ನೂಲುವ ಕದಿರು. ಬತ್ತಿಯ ಫ್ಯೂಸ್ ಬೆಂಕಿ ಹೊತ್ತಿಸಲು ಇರುವಂಥದ್ದು, ಕರೆಂಟಿನದು ಹರಿವು ಮಿತಿಮೀರಿದಾಗ ಬೆಂಕಿ ಹತ್ತದ ಹಾಗೆ ತಾನೇ ಕರಗಿ ದಾರಿ ಕಡಿದುಬಿಡುವಂಥದ್ದು. ನಾವು ಎರಡನ್ನೂ ಕಲಸಿ, "ಅಯ್ಯೋ, ಫ್ಯೂಸ್ ಸುಟ್ಟುಹೋಯ್ತು" ಅಂತ ದುಃಖ ಪಡುತ್ತೇವೆ. ಅದು ಮಾಡಬೇಕಾದ ಕೆಲಸವನ್ನೇ ಮಾಡಿದೆ!

"ಬ್ಯಾಟರಿ 12 ವೋಲ್ಟ್ ಅಲ್ವಾ, ಎಂತ ಆಗ್ತದೆ?" ಇದು ಅವರ ಮುಂದಿನ ಮಾತು. ಮುಟ್ಟಿದರೆ ಸಾಮಾನ್ಯವಾಗಿ ಶಾಕ್ ಹೊಡೆಯದು, ನಿಜ. ಆದರೆ 60 ವಾಟಿನ ಲೈಟಿಗೆ ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರ್ (ಹರಿಯುವ ಕರೆಂಟಿನ ಅಳತೆ) ಸಾಕು, ದೋಣಿಯ ಬ್ಯಾಟರಿಯಲ್ಲಿ 5 ಆಂಪಿಯರ್ ಬೇಕು. ಅದಕ್ಕೇ ದೋಣಿಗೆ ದಪ್ಪ ವಯರ್. ಶಾರ್ಟ್ ಆದರಂತೂ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಫ್ಯೂಸ್ ಇಲ್ಲದ ಕಡೆ ಕಾದು ಕೆಂಪಾಗುವುದು ವಯರೇ. ಹಾಗಾಗಿ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು.

ಇವರದು ಪಂಪಿನ ಪಕ್ಕದಲ್ಲಿತ್ತು. ಬ್ಯಾಟರಿಯಿಂದ ಅಲ್ಲಿಯವರೆಗಿನ ಅಷ್ಟೂ ವಯರಿಗೆ ಕಾವಲಿಲ್ಲ. ಕೆಂಪು ಫ್ಯೂಸ್, ಅಂದರೆ 10 ಆಂಪಿಯರಿನದು, ಮತ್ತೆ ಮತ್ತೆ ಹೋಗುತ್ತದೆಂದು ಹಳದಿ 20 ಹಾಕಿದ್ದರಂತೆ. ವಯರ್ ನೋಡಿದರೆ ಮನೆಗೆ ಎಳೆಯುವ 1 ಚದರ ಮಿಲಿಮೀಟರಿನದು! ಹಳದಿ ಕರಗುವ ಮೊದಲೇ ವಯರಿನ ಸಿಪ್ಪೆ ಕರಗೀತು. ವಯರ್ ತಾಳುವುದಕ್ಕಿಂತ ದೊಡ್ಡ ಫ್ಯೂಸ್ ಹಾಕುವಂತಿಲ್ಲ. ಪಂಪಿನ ಕಂಪನಿ ಇನ್ನೂ ಚಿಕ್ಕದು ಹೇಳಿದ್ದರೆ ಅದನ್ನೇ ಹಾಕಿ, ಆಗ ಪಂಪಿಗೂ ಲಾಭ.

ತುದಿಯ ಸಿಪ್ಪೆ ಸುಲಿದು ನೋಡಿದೆ. ಒಳಗಿನ ಎಳೆಗಳು ಕಪ್ಪು, ಅಲ್ಲಲ್ಲಿ ಹಸಿರು ಪುಡಿ. ಉಪ್ಪುನೀರು ಎಳೆಗಳ ಸಂದಿಯಲ್ಲೇ ಒಳಗೆ ಹರಿದಿತ್ತು. ಪಾತ್ರೆಗೆ ಕಲಾಯಿ ಹಾಕಿದ ಹಾಗೆ ತವರ ಹಚ್ಚಿದ ತಾಮ್ರದ ವಯರ್ ಸಿಗುತ್ತದೆ, ದೋಣಿಗೆ ಅದೇ ಆಗಬೇಕು ಅಂದೆ. "ಅದಕ್ಕೆ ರೇಟು ಜಾಸ್ತಿ" ಅಂದರು.