ಓದುಗರ ಪ್ರಶ್ನೆ: ಪಂಚಾಯಿತಿಗೆ ಬಂದ ಫೈಬರ್ ಮನೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿ ಕಚೇರಿಗೆ ಸರ್ಕಾರದ ಫೈಬರ್ ಕೇಬಲ್ ಬಂದು ಎಷ್ಟೋ ವರ್ಷಗಳಾದವು. ಅಲ್ಲಿಂದ ಕೂಗಳತೆಯಲ್ಲಿರುವ ನಮ್ಮ ಮನೆಗೆ ಮಾತ್ರ ಸಂಪರ್ಕ ಸಿಕ್ಕಿಲ್ಲ. ಕಚೇರಿಯಲ್ಲೂ ಅದು ಆಗಾಗ ಕೈಕೊಡುತ್ತದೆ. ಇದು ತಂತ್ರಜ್ಞಾನದ ದೋಷವೇ?

ಉತ್ತರ: ಗಾಜಿನ ಎಳೆಯನ್ನು ದೂರಿ ಪ್ರಯೋಜನವಿಲ್ಲ. ಕೇಬಲ್ ಎಲ್ಲಿಗೆ ಬಂದು ನಿಲ್ಲಬೇಕು, ಯಾವ ಆಕಾರದಲ್ಲಿ ಹರಡಬೇಕು, ಅದರ ತುದಿಯಲ್ಲಿ ಯಾವ ಪೆಟ್ಟಿಗೆ ಇರಬೇಕು ಎಂಬುದೆಲ್ಲ ಬಹುಮಟ್ಟಿಗೆ ದೆಹಲಿಯ ನೀತಿಪತ್ರಗಳಲ್ಲಿಯೇ ತೀರ್ಮಾನವಾಗಿತ್ತು.

ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಯೋಜನೆಗೆ ಒಪ್ಪಿಗೆ ನೀಡಿದ್ದು 2011ರ ಅಕ್ಟೋಬರ್‌ನಲ್ಲಿ. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಜೋಡಿಸುವ ಈ ಕೆಲಸಕ್ಕೆ ಆಗ ಅಂದಾಜು ಮಾಡಿದ್ದು 20,000 ಕೋಟಿ ರೂಪಾಯಿ. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಒಂದು ಪಾಲಾಗಿ ಕಟ್ಟುವ ಸುಂಕದಿಂದ ಬೆಳೆಯುವ ಸಾರ್ವತ್ರಿಕ ಸೇವಾ ನಿಧಿಯಿಂದ ಈ ಹಣ ಬರಬೇಕಿತ್ತು. ಖರ್ಚು ತಗ್ಗಿಸಲು ಒಂದು ದಾರಿ ಹುಡುಕಲಾಯಿತು: ಬಿಎಸ್‌ಎನ್‌ಎಲ್, ರೈಲ್‌ಟೆಲ್ ಮತ್ತು ಪವರ್‌ಗ್ರಿಡ್ ಎಂಬ ಸರ್ಕಾರಿ ಸಂಸ್ಥೆಗಳು ಅದಾಗಲೇ ನೆಲದಲ್ಲಿ ಹೂತಿದ್ದ ಕೇಬಲನ್ನೇ ಬಳಸಿಕೊಂಡು, ಅದಕ್ಕೂ ಪಂಚಾಯಿತಿಗೂ ನಡುವೆ ಉಳಿದ ದೂರಕ್ಕೆ ಮಾತ್ರ ಹೊಸ ಕೇಬಲ್ ಎಳೆಯುವುದು. ಲೆಕ್ಕದ ಮಟ್ಟಿಗೆ ಇದು ಜಾಣತನವೇ. ಆದರೆ ಹಳೆಯ ಕೇಬಲಿನ ದೌರ್ಬಲ್ಯಗಳೂ ಅದರೊಂದಿಗೆ ಹೊಸ ಜಾಲಕ್ಕೆ ಬಂದವು. ತಾಲ್ಲೂಕಿನಿಂದ ಪಂಚಾಯಿತಿಗೆ ಬಹುತೇಕ ಕಡೆ ಒಂಟಿ ದಾರಿಯೇ ಇದ್ದುದರಿಂದ, ರಸ್ತೆ ಅಗಲಿಸಲು ಬಂದ ಜೆಸಿಬಿಯ ಹಲ್ಲು ಒಂದು ಕಡೆ ತಾಗಿದರೆ ಸಾಕು, ಅದರಾಚೆಯ ಊರುಗಳೆಲ್ಲ ಒಟ್ಟಿಗೆ ಕತ್ತಲಾದವು.

ಪೆಟ್ಟಿಗೆಯ ಆಯ್ಕೆಯಲ್ಲೂ ನೀತಿಯ ಕೈವಾಡವಿದೆ, ಇದನ್ನು ತುಸು ವಿವರವಾಗಿ ನೋಡಬೇಕು. ಮೊದಲ ಹಂತಕ್ಕೆ ಆರಿಸಿಕೊಂಡಿದ್ದು ಜಿಪಾನ್ ಎಂಬ ತಂತ್ರಜ್ಞಾನ. ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಒಂದು ದೊಡ್ಡ ಯಂತ್ರ, ಪಂಚಾಯಿತಿಯ ಗೋಡೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ. ನಡುದಾರಿಯಲ್ಲಿ ಬೆಳಕನ್ನು ಕವಲೊಡೆಸುವ ಸ್ಪ್ಲಿಟರ್‌ಗೆ ವಿದ್ಯುತ್ತೇ ಬೇಡ. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಹಳ್ಳಿಗಾಡಿಗೆ ಇದು ಒಪ್ಪುವ ಗುಣ. ಈ ಉಪಕರಣವನ್ನು ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ಅಭಿವೃದ್ಧಿಪಡಿಸಿ, ತಯಾರಿಕೆಯ ತಂತ್ರವನ್ನು ದೇಶೀಯ ಕಂಪನಿಗಳಿಗೆ ವರ್ಗಾಯಿಸಿತ್ತು. ಇಷ್ಟು ದೊಡ್ಡ ಸರ್ಕಾರಿ ಖರೀದಿ ಇಲ್ಲದಿದ್ದರೆ ಸಿ-ಡಾಟ್‌ನ ಜಿಪಾನ್ ಪ್ರಯೋಗಾಲಯದಿಂದ ಈ ಪ್ರಮಾಣದಲ್ಲಿ ಹೊರಬರುತ್ತಿತ್ತೇ ಎಂಬುದು ನನಗೆ ಅನುಮಾನ. ಅಷ್ಟರ ಮಟ್ಟಿಗೆ ನೀತಿಯು ನಾವೀನ್ಯವನ್ನು ಪೋಷಿಸಿತು. ಆದರೆ ಜಿಪಾನ್ ಸ್ವಭಾವತಃ ಮರದಂತೆ ಕವಲೊಡೆಯುವ ಜಾಲ: ಕಾಂಡ ಕಡಿದರೆ ಕೊಂಬೆಗಳಿಗೆ ಬೇರೆ ಆಸರೆಯಿಲ್ಲ. ಅಂದರೆ ಒಂಟಿ ದಾರಿಯ ಕೇಬಲಿಗೆ ಒಂಟಿ ದಾರಿಯ ಉಪಕರಣವೇ ಜೊತೆಯಾಯಿತು.

ಇನ್ನು ನಿಮ್ಮ ಮನೆಯ ವಿಷಯ. ಯೋಜನೆಯು ಪಂಚಾಯಿತಿಯಲ್ಲಿ ನಿಂತಿದ್ದು ಉದ್ದೇಶಪೂರ್ವಕವಾಗಿಯೇ. ಸರ್ಕಾರ ಅಲ್ಲಿಯವರೆಗೆ ಕೇಬಲ್ ತರುತ್ತದೆ, ಅಲ್ಲಿಂದ ಮುಂದಕ್ಕೆ ಖಾಸಗಿ ಕಂಪನಿಗಳೂ ಊರಿನ ಕೇಬಲ್ ಟಿವಿಯವರೂ ಬಾಡಿಗೆಗೆ ಪಡೆದು ಮನೆಗಳಿಗೆ ಹಂಚುತ್ತಾರೆ ಎಂಬುದು ಊಹೆಯಾಗಿತ್ತು. ಮೂಲ ಸಂಪರ್ಕವೇ ಆಗಾಗ ಕೈಕೊಡುವಾಗ, ಹತ್ತಿಪ್ಪತ್ತು ಗ್ರಾಹಕರನ್ನು ನಂಬಿ ಕಂಬದಿಂದ ಕಂಬಕ್ಕೆ ತಂತಿ ಎಳೆಯಲು ಯಾವ ಕೇಬಲ್‌ನವನು ಮುಂದೆ ಬಂದಾನು? ಅಷ್ಟರಲ್ಲಿ, 2016ರ ನಂತರ, ಮೊಬೈಲ್ ಡೇಟಾ ಅಗ್ಗವಾಗಿ ಆ ಗ್ರಾಹಕರಲ್ಲೂ ಹಲವರು ಫೋನಿಗೇ ಒಗ್ಗಿಕೊಂಡರು.

ವ್ಯಾಖ್ಯೆಯೂ ಒಂದು ನೀತಿಯೇ ಎಂಬುದನ್ನು ನಾವು ಮರೆಯುತ್ತೇವೆ. 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಕಿಲೋಬಿಟ್ ಆಯಿತು, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಮಿತಿ ಇಷ್ಟು ಕೆಳಗಿದ್ದಾಗ ಹಳೆಯ ತಾಮ್ರದ ಟೆಲಿಫೋನ್ ತಂತಿಯೂ ಪಾಸಾಗುತ್ತದೆ. ಫೈಬರಿಗೆ ಹಣ ಹೂಡಲೇಬೇಕಾದ ಒತ್ತಡ ಯಾರ ಮೇಲೂ ಬೀಳುವುದಿಲ್ಲ.

ತಪ್ಪನ್ನು ಸರ್ಕಾರ ಗುರುತಿಸಲೇ ಇಲ್ಲವೆಂದರೆ ಅನ್ಯಾಯವಾದೀತು. ನಿವೃತ್ತ ಐಎಎಸ್ ಅಧಿಕಾರಿ ಜೆ. ಸತ್ಯನಾರಾಯಣ ಅಧ್ಯಕ್ಷತೆಯ ಸಮಿತಿ 2015ರಲ್ಲಿಯೇ ಜಾಲದ ವಿನ್ಯಾಸವನ್ನು ಬದಲಿಸಲು ಹೇಳಿತ್ತು. ಯೋಜನೆಯ ಹೆಸರು ಭಾರತ್‌ನೆಟ್ ಆಯಿತು. ಆದರೂ ದೊಡ್ಡ ತಿದ್ದುಪಡಿ ಬಂದದ್ದು 2023ರ ಆಗಸ್ಟ್‌ನಲ್ಲಿ, 1,39,579 ಕೋಟಿ ರೂಪಾಯಿಗಳ ಒಪ್ಪಿಗೆಯೊಂದಿಗೆ. ಅದರಂತೆ ಜಾಲ ಉಂಗುರದ ಆಕಾರ ಪಡೆಯಬೇಕು: ಒಂದು ಬದಿ ಕಡಿದರೆ ಮಾಹಿತಿ ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ, ಅದಕ್ಕಾಗಿ ಪಂಚಾಯಿತಿಗಳಲ್ಲಿ ಮಾಹಿತಿಗೆ ದಾರಿ ಆರಿಸಿಕೊಡುವ ರೌಟರ್‌ಗಳು ಕೂರುತ್ತವೆ. ಕೇಬಲ್ ಹಾಕಿದವರೇ 10 ವರ್ಷ ಅದನ್ನು ನಿರ್ವಹಿಸಬೇಕು. ಮನೆ ಸಂಪರ್ಕವನ್ನು ಊರಿನ ಉದ್ಯಮಿಯೊಬ್ಬರು ಆದಾಯ ಹಂಚಿಕೆಯ ಆಧಾರದ ಮೇಲೆ ಕೊಡಬೇಕು. ನನ್ನ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ಉಂಗುರಕ್ಕಿಂತಲೂ ನಿರ್ವಹಣೆಯ ಷರತ್ತು, ಏಕೆಂದರೆ ಕೇಬಲ್ ಹೂತ ಮೇಲೆ ಅದನ್ನು ಕಾಯುವುದು ಯಾರ ಹೊಣೆ ಎಂಬ ಪ್ರಶ್ನೆಗೆ ಮೊದಲ ಹಂತದಲ್ಲಿ ಗಟ್ಟಿ ಉತ್ತರವಿರಲಿಲ್ಲ.

ಮುಂದಿನ ಸಲ ಪಂಚಾಯಿತಿಗೆ ಹೋದಾಗ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದಿರುವ ದೀಪವನ್ನು ನೋಡಿ. ಅದು ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದರ್ಥ. ಆಗ ಪಿಡಿಒ ಅವರನ್ನು ಎರಡೇ ಮಾತು ಕೇಳಿ: ನಮ್ಮ ಪಂಚಾಯಿತಿ ಉಂಗುರಕ್ಕೆ ಸೇರಿದೆಯೇ, ಮತ್ತು ಈ ದೀಪ ಕೆಂಪಾದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ?